ಐವತ್ತೆಂಟು ಹೆಜ್ಜೆ

೪ ಅಕ್ಟೋಬರ್ ೧೯೮೧, ಭಾನುವಾರ

ಇವತ್ತಿನಿಂದ ದಿನಚರಿ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಗಳನ್ನು ಬ್ರೈಲ್ ಪಟ್ಟಿಗೆ ಸಿಕ್ಕಿಸಿ, ಚುಕ್ಕಿ ಚುಕ್ಕಿಯಾಗಿ ಚುಚ್ಚಿ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಇದನ್ನು ಓದಬಲ್ಲವಳು ನಾನೊಬ್ಬಳೇ. ಬೀಗ ಬೇಡ, ದಿಂಬಿನ ಕೆಳಗೆ ಬಚ್ಚಿಡುವುದು ಬೇಡ, ಮೇಜಿನ ಮೇಲೆ ಹರಡಿಟ್ಟರೂ ಯಾರಿಗೂ ಒಂದಕ್ಷರ ತಿಳಿಯದು. ಕಣ್ಣಿದ್ದವರಿಗೆ ಈ ಸುಖ ಎಲ್ಲಿಂದ ಬರಬೇಕು! ಟಕಟಕ ಸದ್ದು ಕೇಳಿ ಅಮ್ಮ ಇದನ್ನು ಆಫೀಸಿನ ಕೆಲಸ ಎಂದುಕೊಂಡಿದ್ದಾಳೆ.

ಬರೆಯಲು ಕಾರಣವಿದೆ. ನಾನು ಓಡಲಿದ್ದೇನೆ. ಜಯದೇವಿ, ವಯಸ್ಸು ಇಪ್ಪತ್ತಾರು, ಸಹಕಾರ ಬ್ಯಾಂಕಿನ ಟೆಲಿಫೋನ್ ಆಪರೇಟರ್, ಓಡಲಿದ್ದಾಳೆ!

ಪ್ರತಿ ತಿಂಗಳ ಮೊದಲ ಭಾನುವಾರ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನಮ್ಮ ಅಂಧರ ಸಂಘ ಸೇರುತ್ತದೆ. ಭಜನೆ, ಉಪ್ಪಿಟ್ಟು, ಒಂದು ಭಾಷಣ. ಇದು ಅಂಗವಿಕಲರ ವರ್ಷವಾದ್ದರಿಂದ ಭಾಷಣ ಮೂರಾಗಿವೆ, ಉಪ್ಪಿಟ್ಟು ಮಾತ್ರ ಮೊದಲಿನಷ್ಟೇ ಇದೆ. ಇವತ್ತು ಬಂದವರು ಭಾಷಣ ಮಾಡಲಿಲ್ಲ. ದಪ್ಪ ಗಂಟಲು, ಶೂ ಕಿರಕಿರ ಸದ್ದು.

"ನಾನು ಗಂಗಾಧರಯ್ಯ. ಮೂವತ್ತೊಂದು ವರ್ಷ ಹೈಸ್ಕೂಲ್ ಡ್ರಿಲ್ ಮಾಸ್ಟರ್ ಆಗಿದ್ದೆ, ಈಗ ರಿಟೈರ್ಡ್. ಡಿಸೆಂಬರ್ ಹದಿಮೂರಕ್ಕೆ ಅಂಗವಿಕಲರ ಕ್ರೀಡಾಕೂಟ ಇದೆ. ಅರವತ್ತು ಮೀಟರ್ ಓಟ. ಓಡೋರು ಕೈ ಎತ್ತಿ."

ಆಗ ಅಂಕಮ್ಮ, ವಿಲ್ಸನ್ ಗಾರ್ಡನ್ನಿನಲ್ಲಿ ಕುರ್ಚಿಗೆ ಬೆತ್ತ ಹೆಣೆಯುವವಳು, ನನ್ನ ಗೆಳತಿ, ಕೂಗಿದಳು: "ಸಾರ್, ಯಾರ್ ಕೈ ಎತ್ತಿದಾರೆ ಅಂತ ನೀವು ಬಾಯಲ್ಲಿ ಹೇಳ್ತಾ ಹೋಗಿ. ನಮಗೆ ಕಾಣ್ಬೇಕಲ್ಲ!"

ಎಲ್ಲರೂ ನಕ್ಕರು. ಆ ನಗುವಿನ ಮರೆಯಲ್ಲಿ ನನ್ನ ಕೈ ಮೇಲೆ ಹೋಗಿತ್ತು.

ಮನೆಯಲ್ಲಿ ರಾಮಾಯಣ. "ಕಣ್ಣಿದ್ದೋರೇ ಎಡವಿ ಬೀಳ್ತಾರೆ. ನಿಂಗ್ಯಾಕೇ ಓಟ?" ಎಂದಳು ಅಮ್ಮ. ಅಪ್ಪನನ್ನು ಕೇಳಿದರೆ, "ನೋಡು, ನಿಮ್ಮಮ್ಮ ಹೇಳೋದ್ರಲ್ಲೂ ನ್ಯಾಯ ಇದೆ, ನೀನು ಹೇಳೋದ್ರಲ್ಲೂ ಇದೆ." ನಮ್ಮಪ್ಪ ತಿಮ್ಮರಾಯಪ್ಪನವರು ಹುಟ್ಟಿರುವುದೇ ಅಡ್ಡಗೋಡೆಯ ಮೇಲೆ ದೀಪವಿಡಲು. ಕೊನೆಗೆ ಅಮ್ಮ ಷರತ್ತು ಹಾಕಿದಳು: "ಆಯ್ತು, ಹೋಗು. ಒಂದೇ ಒಂದ್ಸಲ ಬಿದ್ದೆ ಅಂದ್ರೆ ಅವತ್ತಿಗೇ ಮುಗೀತು. ಆಮೇಲೆ ಓಟ ಗೀಟ ಅಂತ ಬಾಯಿ ಬಿಡಂಗಿಲ್ಲ."

ಒಂಬತ್ತು ವರ್ಷದವರೆಗೆ ಉತ್ತರಹಳ್ಳಿಯ ಕೆರೆ ಏರಿಯ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಆಮೇಲೆ ಸಿಡುಬು ಬಂತು, ಕಣ್ಣು ಹೋಯಿತು. ಅಂದಿನಿಂದ ಹದಿನೇಳು ವರ್ಷ ಅಮ್ಮನ ಮೊಣಕೈ ಹಿಡಿದೇ ನಡೆದಿದ್ದೇನೆ. ಬನಶಂಕರಿಯ ಈ ಮನೆಯ ಗೇಟಿನಿಂದ ಬಸ್ ಸ್ಟಾಪಿಗೆ ಇನ್ನೂರ ಹನ್ನೆರಡು ಹೆಜ್ಜೆ, ಬಸ್ಸಿಳಿದು ಬ್ಯಾಂಕಿಗೆ ನೂರ ನಲವತ್ತು, ಬ್ಯಾಂಕಿನ ಬಾಗಿಲಿನಿಂದ ನನ್ನ ಕುರ್ಚಿಗೆ ಇಪ್ಪತ್ಮೂರು. ಎಣಿಸದೆ ನಾನು ಎಲ್ಲಿಯೂ ಕಾಲಿಡುವುದಿಲ್ಲ. ಸಂಘದವರು ಕೊಟ್ಟ ಬಿಳಿ ಕೋಲು ಬಾಗಿಲ ಹಿಂದೆ ಕೊಡೆಯ ಜೊತೆ ನಿಂತಿದೆ. ಕೋಲು ಹಿಡಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎನ್ನುತ್ತಾಳೆ ಅಮ್ಮ. ಊರಿಗೆ ಗೊತ್ತಿಲ್ಲದ್ದು ಏನಿದೆಯೋ!

೧೧ ಅಕ್ಟೋಬರ್, ಭಾನುವಾರ

ಓಡಿದೆ! ಓಡಿದೆ! ಓಡಿದೆ!

ಸರಿ, ಕ್ರಮವಾಗಿ ಬರೆಯುತ್ತೇನೆ. ಜಯನಗರದ ಹೈಸ್ಕೂಲ್ ಮೈದಾನ. ಅಮ್ಮ ಗೇಟಿನವರೆಗೆ ಕರೆತಂದು, "ನಾನಂತೂ ನೋಡಲಾರೆ" ಎಂದು ತರಕಾರಿ ತರಲು ಮಾರ್ಕೆಟ್ಟಿಗೆ ಹೋದಳು. ಒಳಗೆ ನಾವು ಹದಿನಾಲ್ಕು ಮಂದಿ.

ಮೇಷ್ಟ್ರು ಶುರುವಿನಲ್ಲೇ ಎಡವಟ್ಟು ಮಾಡಿದರು. ನಮ್ಮನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದಿದರು. ಅವರ ಲೆಕ್ಕದಲ್ಲಿ ಸೀಟಿ ಎಂದರೆ 'ನಿಂತಲ್ಲೇ ನಿಲ್ಲಿ'. ನಮ್ಮ ಲೆಕ್ಕದಲ್ಲಿ ಸದ್ದು ಎಂದರೆ 'ಇಲ್ಲಿ ಬನ್ನಿ'. ಹದಿನಾಲ್ಕು ಜನವೂ ಕೈ ಮುಂದೆ ಚಾಚಿಕೊಂಡು ಅವರತ್ತ ನಡೆದೆವು. ಗಾಬರಿಯಾಗಿ ಇನ್ನೂ ಜೋರಾಗಿ ಊದಿದರು. ನಾವು ಇನ್ನೂ ಬೇಗ ನಡೆದೆವು. ಊದುತ್ತ ಹಿಂದೆ ಹಿಂದೆ ಸರಿದು ಅವರ ಬೆನ್ನು ಕಾಂಪೌಂಡ್ ಗೋಡೆಗೆ ಬಡಿಯಿತಂತೆ. ಎಲ್ಲರೂ ಅವರನ್ನು ಸುತ್ತಿಕೊಂಡು, ಒಬ್ಬೊಬ್ಬರೂ ಅವರ ಷರಟಿನ ತೋಳು ಮುಟ್ಟಿ ನೋಡಿದೆವು. "ಅಯ್ಯೋ ಬಿಡ್ರಪ್ಪಾ!" ಎಂದರು. ಆಮೇಲೆ ಸೀಟಿ ಜೇಬಿಗಿಟ್ಟದ್ದು, ಮತ್ತೆ ತೆಗೆಯಲೇ ಇಲ್ಲ. "ಮೂವತ್ತೊಂದು ವರ್ಷ ಕಲ್ತಿದ್ದು ಇಲ್ಲಿ ಕೆಲಸಕ್ಕೆ ಬರಲ್ಲ. ನೀವೇ ಹೇಳ್ಕೊಡಿ, ನಿಮಗೆ ಹೇಗೆ ಬೇಕು?" ಎಂದು ಕೇಳಿದರು. ಹಾಗೆ ಕೇಳಿದ ಮೇಷ್ಟ್ರನ್ನು ನಾನು ಈವರೆಗೆ ಕಂಡಿಲ್ಲ.

ಖೋ ಖೋ ಕಂಬಗಳ ನಡುವೆ ಹಗ್ಗ ಬಿಗಿದು, ಅದಕ್ಕೊಂದು ಕಬ್ಬಿಣದ ಬಳೆ ಪೋಣಿಸಿದ್ದರು. ಬಳೆ ಹಿಡಿದುಕೊಂಡು ಓಡಬೇಕು, ಹಗ್ಗ ದಾರಿ ತೋರಿಸುತ್ತದೆ. ನನ್ನ ಸರದಿ ಬಂದಾಗ ಮೊದಲು ನಡೆದೆ. ಆಮೇಲೆ ಬೇಗ ನಡೆದೆ. ಆಮೇಲೆ ಅದೇನಾಯಿತೋ, ಕಾಲುಗಳಿಗೆ ಕೆರೆ ಏರಿ ನೆನಪಾಯಿತು. ಕಿವಿಯಲ್ಲಿ ಗಾಳಿ ಭರ್ರೆಂದಿತು. ಇವತ್ತು ಗಾಳಿಯೇ ಇರಲಿಲ್ಲ. ಅದು ನಾನೇ ಎಬ್ಬಿಸಿದ ಗಾಳಿ! ಹದಿನೇಳು ವರ್ಷದ ಮೇಲೆ ನನ್ನ ಮುಖಕ್ಕೆ ನನ್ನದೇ ಗಾಳಿ ಬಡಿಯಿತು. ಹಗ್ಗದ ತುದಿ ಮುಟ್ಟಿ ನಿಂತು ಅತ್ತುಬಿಟ್ಟೆ. ಅಂಕಮ್ಮ, "ಯಾಕೇ, ಬಿದ್ಯಾ?" ಎಂದಳು. ಇಲ್ಲ, ಬಿದ್ದಿಲ್ಲ, ಬಿದ್ದಿಲ್ಲ!

೧೪ ಅಕ್ಟೋಬರ್, ಬುಧವಾರ

ಊಟದ ಬಿಡುವು. ಟೆಲಿಫೋನ್ ಬೋರ್ಡಿಗೆ ಆಯುಧಪೂಜೆಯಲ್ಲಿ ಬಳಿದ ಕುಂಕುಮ ಇನ್ನೂ ಬೆರಳಿಗೆ ಹತ್ತುತ್ತದೆ. ತೊಡೆ ಎರಡೂ ಕಲ್ಲಾಗಿವೆ. ಮೆಟ್ಟಿಲು ಹತ್ತುವಾಗ ಅಮ್ಮನಿಗೆ ತಿಳಿಯದಂತೆ ಹಲ್ಲು ಕಚ್ಚಿಕೊಂಡೆ. ಇಷ್ಟು ಸಂತೋಷದ ನೋವು ನಾನು ಕಂಡಿಲ್ಲ.

೧೮ ಅಕ್ಟೋಬರ್, ಭಾನುವಾರ

ಹಗ್ಗ ತೆಗೆದರು. ಕ್ರೀಡಾಕೂಟದಲ್ಲಿ ಹಗ್ಗವಿಲ್ಲ. ಒಬ್ಬೊಬ್ಬರೇ ಓಡಬೇಕು, ಗಡಿಯಾರ ನೋಡಿ ಗೆದ್ದವರು ಯಾರೆಂದು ತೀರ್ಮಾನ. ಗೆರೆಯಾಚೆ ಒಬ್ಬರು ನಿಂತು "ಬಾ ಬಾ ಬಾ" ಎಂದು ಕರೆಯುತ್ತಾರೆ, ಆ ಸದ್ದಿಗೆ ನೆಟ್ಟಗೆ ಓಡಬೇಕು. ಮುಟ್ಟಲು ಏನೂ ಇಲ್ಲ! ನನ್ನ ಎರಡು ಕೈಗಳಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ.

ಬಿದ್ದೆ. ಬರೆದೇ ಬಿಡುತ್ತೇನೆ, ಯಾರು ಓದುತ್ತಾರೆ? ಕಂಬ ಕಿತ್ತ ಗುಂಡಿಯೊಂದಕ್ಕೆ ಕಾಲು ಸಿಕ್ಕಿ ಮುಗ್ಗರಿಸಿದೆ. ಬಲಮಂಡಿ ತರಚಿ ರಕ್ತ. ಮೇಷ್ಟ್ರು ಓಡಿ ಬರುವಷ್ಟರಲ್ಲಿ ಎದ್ದು ನಿಂತಿದ್ದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! "ಸಾರ್, ಅಮ್ಮ ಬರೋದ್ರೊಳಗೆ ಇನ್ನೊಂದು ಸಲ ಓಡ್ತೀನಿ" ಎಂದೆ. ಅಂಕಮ್ಮ ತನ್ನ ಕರ್ಚೀಫನ್ನು ಮಂಡಿಗೆ ಬಿಗಿದಳು. ಓಡಲೆಂದು ಹಾಕಿದ್ದ ಚೂಡಿದಾರದ ಮೇಲೆ ಸೀರೆ ಸುತ್ತಿಕೊಂಡು, ಒಳ್ಳೆಯ ಹುಡುಗಿಯ ಹಾಗೆ ಗೇಟಿನಲ್ಲಿ ನಿಂತಿದ್ದೆ.

"ಬಿದ್ಯಾ?"

"ಇಲ್ಲಮ್ಮ."

"ಸತ್ಯವಾಗ್ಲೂ?"

"ಬದನೆಕಾಯಿ ಸಿಕ್ತಾ?" ಎಂದೆ.

೨೧ ಅಕ್ಟೋಬರ್, ಬುಧವಾರ

ಮಂಡಿಗೆ ಅರಿಶಿನ ಹಚ್ಚಿಕೊಳ್ಳಲು ಅಡುಗೆಮನೆಗೆ ಕದ್ದು ಹೋದೆ. ಕಳ್ಳಿಗೆ ಡಬ್ಬಿ ಬದಲಾಯಿತು. ಮೆಣಸಿನ ಪುಡಿ. ಇದಕ್ಕಿಂತ ಹೆಚ್ಚು ಬರೆಯಲಾರೆ.

೧ ನವೆಂಬರ್, ಭಾನುವಾರ

ಅಮ್ಮ ಬೆಳಿಗ್ಗೆಯೇ ಉತ್ತರಹಳ್ಳಿಗೆ ನಾಮಕರಣಕ್ಕೆ ಹೋದಳು. "ಇವತ್ತು ಮನೇಲಿರು" ಎಂದಿದ್ದಳು. ಇದ್ದೆನೇ? ಕೊಡೆಯ ಪಕ್ಕದಿಂದ ಕೋಲು ತೆಗೆದುಕೊಂಡೆ. ಇನ್ನೂರ ಹನ್ನೆರಡು ಹೆಜ್ಜೆ ಇನ್ನೂರ ಅರವತ್ತಾಯಿತು. ಒಬ್ಬಳೇ ನಡೆದರೆ ಹೆಜ್ಜೆ ಚಿಕ್ಕದಾಗುತ್ತದೆಂದು ಕಾಣುತ್ತದೆ. ಕಂಡಕ್ಟರು, "ಯಾರ್ ಜೊತೆಗಿದಾರಮ್ಮ?" ಎಂದ. "ನೀವಿದೀರಲ್ಲ, ನಾಲ್ಕನೇ ಬ್ಲಾಕ್ ಬಂದಾಗ ಹೇಳಿ" ಎಂದೆ. ಹೇಳಿದ.

ಓಟದ ಸಮಾಚಾರಕ್ಕೆ ಬರೋಣ. ಈಗ ನೆಟ್ಟಗೆ ಓಡುತ್ತೇನೆ. ಮೇಷ್ಟ್ರ "ಬಾ ಬಾ ಬಾ" ಕೇಳುತ್ತ ಒಳಗೊಳಗೆ ಎಣಿಸುತ್ತೇನೆ. ಅರವತ್ತು ಮೀಟರಿಗೆ ನನ್ನವು ಐವತ್ತೆಂಟು ಹೆಜ್ಜೆ, ಪ್ರತಿ ಸಲವೂ ಅಷ್ಟೇ. ಇದನ್ನು ಹೆಮ್ಮೆಯಿಂದ ಹೇಳಿದರೆ ಮೇಷ್ಟ್ರು ಸಿಡುಕಿದರು.

"ಅದೇ ನಿನ್ನ ರೋಗ! ನಲವತ್ತೈದಕ್ಕೆ ಬ್ರೇಕ್ ಹಾಕ್ತೀಯ. ಮೊದಲ ನಲವತ್ತು ಮೀಟರ್ ಅಂಕಮ್ಮನಿಗಿಂತ ಮುಂದೆ, ಕೊನೇಲಿ ಎತ್ತಿನ ಗಾಡಿ."

"ಮುಗಿಯತ್ತೆ ಅಂತ ಗೊತ್ತಿದ್ಮೇಲೆ ಕಾಲು ತಾನಾಗೇ ನಿಧಾನ ಆಗತ್ತೆ ಸಾರ್."

"ಎಣಿಸಬೇಡ ಹಾಗಾದ್ರೆ."

ಎಣಿಸಬೇಡವಂತೆ! ಉಸಿರಾಡಬೇಡ ಎಂದ ಹಾಗೆ. ಅಂಕಮ್ಮ ಎಣಿಸುವುದೇ ಇಲ್ಲವಂತೆ. "ನಂಗೆ ನೂರರ ಮೇಲೆ ಬರಲ್ಲ ಕಣೇ, ಅದಕ್ಕೇ ಬೇಗ ಓಡ್ತೀನಿ" ಎನ್ನುತ್ತಾಳೆ. ಸುಳ್ಳಿ. ಬೆತ್ತದ ಕಣ್ಣು ಸಾವಿರಗಟ್ಟಲೆ ಎಣಿಸಿ ಹೆಣೆಯುವವಳು.

೧೧ ನವೆಂಬರ್, ಬುಧವಾರ

ಮಧ್ಯಾಹ್ನ ಮ್ಯಾನೇಜರ್ ಸಾಹೇಬರಿಗೆ ಬಾಂಬೆ ಕರೆ ಬಂತು. ಕರೆ ಬಂದ ಗುರುತಿಗೆ ಬೋರ್ಡಿನ ಮುಚ್ಚಳ ಟಪ್ಪೆಂದು ಬಿದ್ದಾಗ ನಾನು ಕುರ್ಚಿಯಲ್ಲಿರಲಿಲ್ಲ, ಒಬ್ಬಳೇ ಇಳಿದು ಹೋಗಿ ಕೆಳಗೆ ಬೀದಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಬೈಸಿಕೊಂಡೆ. ಕಾಫಿ ಚೆನ್ನಾಗಿತ್ತು.

ಕ್ರೀಡಾಕೂಟಕ್ಕೆ ಹೆಸರು ಕಳಿಸುವ ಮುಂಚೆ ಇಪ್ಪತ್ತೆರಡಕ್ಕೆ ಆಯ್ಕೆ. ಓಟದ ದಾರಿಯ ಎರಡು ಸುಣ್ಣದ ಗೆರೆಗಳ ನಡುವೆಯೇ ಕೊನೆತನಕ ಓಡಬೇಕು. ಎದೆ ಈಗಲೇ ಡವಡವ ಅನ್ನುತ್ತಿದೆ. ಹೆದರಿಕೆಯೋ ಖುಷಿಯೋ ಗೊತ್ತಿಲ್ಲ, ಎರಡಕ್ಕೂ ಒಂದೇ ಸದ್ದು.

೨೨ ನವೆಂಬರ್, ಭಾನುವಾರ

ಎಲ್ಲ ಮುಗಿಯಿತು.

ಆಯ್ಕೆಯೆಂದು ಅಮ್ಮ ಇವತ್ತು ಗೇಟಿನಲ್ಲಿ ನಿಲ್ಲದೆ ಒಳಗೆ ಬಂದಳು. ಓಡುವಾಗ ಯಾರೂ ಸದ್ದು ಮಾಡಬಾರದೆಂದು ಮೇಷ್ಟ್ರು ಮೂರು ಸಲ ಹೇಳಿದ್ದರು. ಚಪ್ಪಾಳೆ ಬೇಡ, ಶಾಭಾಸ್ ಬೇಡ. ಅಮ್ಮ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳು. ಹೊರಟೆ. ಹತ್ತು, ಇಪ್ಪತ್ತು, ಇಪ್ಪತ್ತೊಂಬತ್ತು, ಎಷ್ಟು ಚೆನ್ನಾಗಿ ಓಡುತ್ತಿದ್ದೆ!

"ಜಯಾ! ನಿಧಾನ ಕಣೇ!"

ನನ್ನನ್ನು ಕೇಳದೆ ನನ್ನ ಕಾಲು ತಿರುಗಿತು. ಸತ್ಯವಾಗಿಯೂ ನಾನು ತಿರುಗಿಸಲಿಲ್ಲ. ಮುಂದೆ ಮೇಷ್ಟ್ರು "ಬಾ ಬಾ" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು, ನಾನು ಗೆರೆ ದಾಟಿ ಸೀದಾ ಅಮ್ಮನ ಕಡೆಗೆ ಓಡಿದೆ. ಸುಣ್ಣದ ಬಕೆಟ್ಟಿಗೆ ಕಾಲು ತಗುಲಿ ಅವಳ ಮುಂದೆಯೇ ಬಿದ್ದೆ. ಎತ್ತಿ ಕೂರಿಸಿ ಮಂಡಿ ನೋಡಲು ಚೂಡಿದಾರ ಮೇಲೆ ಸರಿಸಿದಳು. ಹಳೆಯ ಗಾಯದ ಗುರುತು ಸಿಕ್ಕಿತು.

"ಇದು ಯಾವಾಗಿಂದು?"

ನಾನು ಚೂಡಿದಾರ ಕೆಳಗೆಳೆದುಕೊಂಡೆ.

"ಸುಳ್ಳು ಬೇರೆ ಕಲ್ತೆ. ನಡಿ ಮನೆಗೆ" ಎಂದಳು ಅಮ್ಮ. ಅವಳು ನನ್ನ ಮೊಣಕೈ ಹಿಡಿದ ಹಿಡಿತಕ್ಕೆ ಬಳೆ ಒತ್ತಿ ನೋವಾಯಿತು.

೨೩ ನವೆಂಬರ್, ಸೋಮವಾರ

ಅಮ್ಮನ ಜೊತೆ ಮಾತು ಬಿಟ್ಟಿದ್ದೇನೆ. ಅವಳೂ ಬಿಟ್ಟಿದ್ದಾಳೆ. ಅಪ್ಪ ಇಬ್ಬರ ಜೊತೆಯೂ ಮಳೆಯ ವಿಷಯ ಮಾತಾಡುತ್ತಾನೆ.

೨೬ ನವೆಂಬರ್, ಗುರುವಾರ

ಆಫೀಸಿನಿಂದ ಬಂದು ಕಾಲು ತೊಳೆಯುತ್ತಿದ್ದೆ. ಅಂಗಳದಲ್ಲಿ ಕಿರಕಿರ ಶೂ ಸದ್ದು. ಮೇಷ್ಟ್ರು!

ಅಮ್ಮ ಕಾಫಿ ಕೊಟ್ಟಳು. ನಮ್ಮಮ್ಮ ಮುನಿಲಕ್ಷ್ಮಮ್ಮ ಎಷ್ಟೇ ಕೋಪವಿದ್ದರೂ ಮನೆಗೆ ಬಂದವರಿಗೆ ಕಾಫಿ ತಪ್ಪಿಸುವುದಿಲ್ಲ. ಮೇಷ್ಟ್ರು ಕುಡಿದು ಲೋಟ ಕೆಳಗಿಟ್ಟರು.

"ಅಮ್ಮಾ, ಒಂದು ಮಾತು ಕೇಳ್ತೀನಿ. ಭಾನುವಾರ ನಾನು ಅಷ್ಟೊತ್ತು ಕೂಗಿದೆ. ನೀವು ಒಂದೇ ಸಲ ಕೂಗಿದ್ರಿ. ಅವಳು ಯಾರ ಕಡೆ ಓಡಿದ್ಳು?"

ಅಮ್ಮ ಲೋಟ ಎತ್ತಿಕೊಂಡಳು.

"ಅಂಥಾ ಗಂಟಲನ್ನ ಬೆಂಚಿನ ಮೇಲೆ ಕೂರಿಸಿದ್ದು ನನ್ನ ತಪ್ಪು. ಹೆಸರು ಕಳಿಸೋಕೆ ಇನ್ನೂ ಟೈಮಿದೆ, ಈ ಭಾನುವಾರ ಗೆರೆ ಆಚೆ ನೀವೇ ನಿಂತ್ಕೊಳ್ಳಿ. ನೀವೇ ಕರೀರಿ."

ನನಗೆ ಬೆನ್ನ ಮೇಲೆ ತಣ್ಣೀರು ಬಿದ್ದ ಹಾಗಾಯಿತು. ಅಮ್ಮ ಲೋಟ ಮತ್ತೆ ಅಲ್ಲೇ ಇಟ್ಟು ಕೂತಳು.

"ಮೇಷ್ಟ್ರೇ, ಒಂದ್ಸಲ ನಾನು ಕೈ ಬಿಟ್ಟಿದ್ದೆ. ಇವಳಿಗೆ ಕಣ್ಣು ಹೋದ ಹೊಸ್ತು. ಬಾವಿ ಹತ್ರ ಬಟ್ಟೆ ಒಗೀತಿದ್ದೆ. ಇದು ಹಳೇ ಅಭ್ಯಾಸಕ್ಕೆ ಎದ್ದು ಓಡ್ತು. ನಾನು ಕೂಗಲೇ ಇಲ್ಲ, ನೋಡ್ತಾ ನಿಂತೆ. ಓಡ್ತಾ ಇದೆಯಲ್ಲ ನನ್ ಮಗು, ಕಣ್ಣು ಬಂತೇನೋ ಅಂತ ಅನ್ನಿಸ್ಬಿಡ್ತು. ಕಲ್ಲುಕಟ್ಟೆಗೆ ಹೋಗಿ ಹಣೆ ಹೊಡ್ಕೊಂತು. ಅವತ್ತಿಂದ ನಿಲ್ಲು ನಿಲ್ಲು ಅನ್ನೋದೊಂದೇ ನನ್ನ ಬಾಯಿಗೆ ಬರೋದು. ಓಡು ಅಂತ ಹೆಂಗ್ ಅನ್ಲಿ?"

ನನ್ನ ಹುಬ್ಬಿನ ಮೇಲಿನ ಗೀರು ಸಿಡುಬಿನದೆಂದೇ ನಾನು ತಿಳಿದಿದ್ದೆ. ಬೆರಳು ತಾನಾಗಿ ಅಲ್ಲಿಗೆ ಹೋಯಿತು. ನಾಲ್ಕು ದಿನದ ಕೋಪ ಎಲ್ಲಿ ಹೋಯಿತೋ, ಅಮ್ಮನ ಮೇಲೆ ಬಹಳ ಪ್ರೀತಿ ಬಂತು. ಹೇಳಲು ಮಾತ್ರ ಆಗಲಿಲ್ಲ.

ಆಗ ಅಪ್ಪ, ನಮ್ಮ ಅಡ್ಡಗೋಡೆಯ ಅಪ್ಪ, ಎಂದೂ ಇಲ್ಲದ್ದು ನೆಟ್ಟಗೆ ಮಾತಾಡಿದ: "ಓಡು ಅನ್ಬೇಡ. ಬಾ ಅನ್ನು. ಅಷ್ಟು ಬರಲ್ವಾ ನಿಂಗೆ?"

೨೯ ನವೆಂಬರ್, ಭಾನುವಾರ

ನಕ್ಕು ನಕ್ಕು ಪಕ್ಕೆ ನೋಯುತ್ತಿದೆ. ಎಲ್ಲಿಂದ ಶುರು ಮಾಡಲಿ?

ಅಮ್ಮ ಗೆರೆಯಾಚೆ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ ಸದ್ದು ನನಗೆ ಅರವತ್ತು ಮೀಟರ್ ಈಚೆಗೂ ಕೇಳಿಸಿತು ಎಂದರೆ ಅಂಕಮ್ಮ ನಂಬುವುದಿಲ್ಲ. "ಬಾ ಬಾ" ಎಂದಳು. ಹೊರಟೆ. ಇಪ್ಪತ್ತು ಹೆಜ್ಜೆಗೆ "ಬಾ ಬಾ ನಿಧಾನ ಬಾ ಬಾ ಹುಷಾರು ಬಾ" ಶುರುವಾಯಿತು. "ಅಮ್ಮಾವ್ರೇ, ಬಾ ಒಂದೇ!" ಎಂದು ಮೇಷ್ಟ್ರು ಕೂಗಿದರು.

ಎರಡನೆಯ ಸಲ 'ನಿಧಾನ' ಅನ್ನುವ ಮಾತನ್ನು ನುಂಗಿಕೊಂಡಳು. ಆದರೆ ನಾನು ಹತ್ತಿರ ಬರುತ್ತಿದ್ದಂತೆ ಅವಳಿಗೆ ತಡೆಯಲಾಗದೆ ಎರಡು ಕೈ ಚಾಚಿ ಎದುರಿಗೇ ಓಡಿ ಬಂದಳು, ನನ್ನನ್ನು ಹಿಡಿದುಕೊಳ್ಳಲು! ನನ್ನ ಲೆಕ್ಕದಲ್ಲಿ ಇನ್ನೂ ಹದಿಮೂರು ಹೆಜ್ಜೆ ಬಾಕಿ. ಢೀ! ಇಬ್ಬರೂ ಉರುಳಿದೆವು. ಬಳೆ, ಸೆರಗು, ಜಡೆಯ ಹೂವು ಎಲ್ಲವೂ ಮಣ್ಣುಪಾಲು.

"ಅಮ್ಮಾ, ಈಗ ಬಿದ್ದೋರು ಯಾರು? ಇಬ್ರಲ್ಲಿ ಯಾರಿಗೆ ಓಟ ಬಂದ್?" ಎಂದೆ.

ಅಮ್ಮ ನಕ್ಕಳು. ನೆಲದ ಮೇಲೆ ಕೂತು, ತಲೆಯ ಮಣ್ಣು ಕೊಡವುತ್ತ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮಮ್ಮ ಹೀಗೆ ನಗುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ! "ಬಿದ್ರೆ ಇಷ್ಟೇನಾ?" ಎಂದಳು, ನನಗಲ್ಲ, ತನಗೇ.

ಮೂರನೆಯ ಸಲ ಅಲುಗಾಡದೆ ನಿಂತಳು. ಗೆರೆಗಳ ನಡುವೆಯೇ ಮುಗಿಸಿದೆ. ಕ್ರೀಡಾಕೂಟಕ್ಕೆ ನನ್ನ ಹೆಸರೂ ಹೋಯಿತು!

೬ ಡಿಸೆಂಬರ್, ಭಾನುವಾರ

ಅಮ್ಮ ಹಿತ್ತಿಲಲ್ಲಿ ಅಭ್ಯಾಸ ಮಾಡುತ್ತಾಳೆ. "ಬಾ ಬಾ ಬಾ!" ಪಕ್ಕದ ಮನೆಯ ನಾರಾಯಣಮ್ಮ ಗೋಡೆಯ ಮೇಲಿಂದ, "ಯಾಕ್ರೀ, ಕೋಳಿ ತಪ್ಪಿಸ್ಕೊಂಡ್ವಾ?" ಎಂದರು. "ಹೂಂ, ಇಪ್ಪತ್ತಾರು ವರ್ಷದ ಕೋಳಿ" ಎಂದಳು ಅಮ್ಮ.

ರೋಗ ಮಾತ್ರ ವಾಸಿಯಾಗಿಲ್ಲ. ನಲವತ್ತೈದಕ್ಕೆ ಕಾಲು ಹಿಂದೆಗೆಯುತ್ತದೆ. ಅಮ್ಮನ ದನಿ ಹತ್ತಿರವಾದಷ್ಟೂ ಇನ್ನೂ ಹೆಚ್ಚು. ಡಿಕ್ಕಿ ಹೊಡೆದೇನೆಂಬ ಭಯ. ಇವತ್ತು ಹದಿನಾಲ್ಕೂವರೆ ಸೆಕೆಂಡ್. ಅಂಕಮ್ಮ ಹದಿಮೂರು. ಮೇಷ್ಟ್ರು, "ಡಿಸೆಂಬರ್ ಹದಿಮೂರಕ್ಕೆ ನೀನು ಪೂರ್ತಿ ಅರವತ್ತು ಮೀಟರ್ ಓಡಿದ್ರೆ ಸಾಕು, ಗೆಲ್ಲೋದು ಬೇಡ" ಎಂದರು. ನನಗೂ ಅಷ್ಟೇ ಬೇಕು. ಒಂದು ಸಲ, ಒಂದೇ ಸಲ, ಬ್ರೇಕ್ ಇಲ್ಲದೆ.

ಇದನ್ನೆಲ್ಲ ಬಸ್ಸಿನಲ್ಲಿ ಅಮ್ಮನಿಗೆ ಹೇಳಿದೆ. "ಹತ್ರ ಆದ್ರೆ ನಿಲ್ತೀಯಾ?" ಎಂದು ಕೇಳಿದಳು. ಆಮೇಲೆ ಬನಶಂಕರಿ ಬರುವವರೆಗೆ ಬಾಯಲ್ಲೇ 'ಬಾ ಬಾ' ಎಂದುಕೊಳ್ಳುತ್ತಿದ್ದಳು.

೧೩ ಡಿಸೆಂಬರ್, ಭಾನುವಾರ

ಚುಕ್ಕಿಗಳು ಒಂದರ ಮೇಲೊಂದು ಬೀಳುತ್ತಿವೆ. ಆದರೂ ಇವತ್ತೇ ಬರೆಯಬೇಕು.

ಏನು ಜನ! ಪೋಲಿಯೋ ಆದವರ ಮೂರು ಗಾಲಿ ಗಾಡಿ ಓಟದಲ್ಲಿ ಸರಪಳಿಗಳ ಗಿರಗಿರ. ಕಿವುಡರ ರಿಲೇಗೆ ಕರ್ಚೀಫ್ ಬೀಳಿಸಿ ಶುರು ಮಾಡಿದರಂತೆ. ಅಂಕಮ್ಮ, "ಒಬ್ಬರಿಗೆ ಕರ್ಚೀಫು, ಒಬ್ಬರಿಗೆ ಕೂಗು. ಮದುವೆ ಮನೇಲಿ ಎಲೆಗೊಂದು ಬಡಿಸೋ ಹಾಗೆ" ಎಂದಳು. ನಮ್ಮ ಸರದಿ ಬಂದಾಗ ಮೈಕಿನವನು "ದಯವಿಟ್ಟು ನಿಶ್ಶಬ್ದ, ದಯವಿಟ್ಟು ನಿಶ್ಶಬ್ದ" ಎಂದು ತಾನೇ ಗದ್ದಲ ಮಾಡಿದ. ಮೇಷ್ಟ್ರು ಹೋಗಿ ಮೈಕ್ ಆರಿಸಿದರು.

ಅಷ್ಟು ಜನ ಒಟ್ಟಿಗೆ ಸುಮ್ಮನಾದದ್ದನ್ನು ನಾನು ಇವತ್ತೇ ಕೇಳಿದ್ದು. ಕಡಲೆಕಾಯಿ ಸುಲಿಯುವುದನ್ನೂ ನಿಲ್ಲಿಸಿದ್ದರು. ಅಂಕಮ್ಮ ಓಡಿದಳು. ಹನ್ನೆರಡು ಪಾಯಿಂಟ್ ಎಂಟು ಸೆಕೆಂಡ್. ಆಮೇಲೆ ನಾನು.

"ಬಾ!" ದೂರದಲ್ಲಿ ಅಮ್ಮ. "ಬಾ ಬಾ ಬಾ!"

ಹೊರಟೆ. ಹತ್ತು. ಇಪ್ಪತ್ತು. ಗಾಳಿ ಬಂತು, ನನ್ನ ಗಾಳಿ. ಮೂವತ್ತು. ನಲವತ್ತು. ನಲವತ್ತೈದಕ್ಕೆ ಕಾಲು ಹಿಂದೆಗೆಯಲು ಹೊರಟಿತು. ಆದರೆ ಅಮ್ಮನ ದನಿ ಇನ್ನೂ ದೂರದಲ್ಲೇ ಇತ್ತು! ಐವತ್ತು. ಅಯ್ಯೋ, ಇವತ್ತು ಇಷ್ಟು ನಿಧಾನವೇ ನಾನು? ಐವತ್ತೈದಕ್ಕೂ ಅಷ್ಟೇ ದೂರ. ಅವಮಾನವಾಯಿತು, ಸಿಟ್ಟು ಬಂತು, ಹಲ್ಲು ಕಚ್ಚಿದೆ. ಐವತ್ತೆಂಟು ಆಯಿತೋ ಇಲ್ಲವೋ, ಆಮೇಲೆ ಯಾವ ಸಂಖ್ಯೆಯೂ ಇಲ್ಲ. "ಬಾ ಬಾ ಬಾ" ಒಂದೇ. ಸತ್ತರೂ ಸರಿ, ಆ ದನಿ ಮುಟ್ಟಬೇಕು. ಇದ್ದಬದ್ದ ಜೀವವೆಲ್ಲ ಕಾಲಿಗಿಳಿಸಿ ಓಡಿದೆ. ಹಿಂದೆ ಯಾರೋ "ಮುಗೀತು, ಮುಗೀತಮ್ಮ!" ಎಂದು ಕೂಗುತ್ತಿದ್ದರು, ಚಪ್ಪಾಳೆ ಮಳೆಯಂತೆ ಸುರಿಯುತ್ತಿತ್ತು. ನನಗೇನೂ ಅರ್ಥವಾಗಲಿಲ್ಲ. ಸೀದಾ ಹೋಗಿ ಅಮ್ಮನ ಎದೆಗೆ ಬಡಿದೆ.

ಅಮ್ಮ ಬೀಳಲಿಲ್ಲ. ನಾನೂ ಬೀಳಲಿಲ್ಲ. ಅವಳ ಎದೆ ನನ್ನದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಮೇಷ್ಟ್ರು ಏದುಸಿರು ಬಿಡುತ್ತ ಓಡಿಬಂದರು. "ಹದಿಮೂರು ಸೆಕೆಂಡ್! ಎರಡನೇ ಸ್ಥಾನ! ಅಮ್ಮಾವ್ರೇ, ನೀವು ಮಾಡಿದ್ದೇನು ಗೊತ್ತೇನ್ರೀ?" ಒಬ್ಬ ಅಧಿಕಾರಿ ಬಂದು, ಕರೆಯುವವರು ಜಾಗ ಬಿಟ್ಟು ಕದಲಬಹುದೇ ಎಂದು ತಗಾದೆ ತೆಗೆದ. ಮೇಷ್ಟ್ರು, "ಗೆರೆ ಆಚೆ ಇರಬೇಕು ಅಂತ ಬರೆದಿದೀರಿ ಸಾರ್. ಎಷ್ಟು ಆಚೆ ಅಂತ ಬರೆದಿಲ್ಲ" ಎಂದರು. ಆತ ನಗುತ್ತ ಹೋದ.

ಆಗಲೇ ನನಗೆ ತಿಳಿದದ್ದು. ನಾನು ಹತ್ತಿರ ಬಂದಂತೆಲ್ಲ ಅಮ್ಮ "ಬಾ ಬಾ" ಎನ್ನುತ್ತ ಹಿಂದೆ ಹಿಂದೆ ಹೋಗಿದ್ದಾಳೆ.

"ಯಾರಮ್ಮ ನಿಂಗೆ ಹೇಳ್ಕೊಟ್ಟಿದ್ದು?"

"ಇದಕ್ಕೆ ಹೇಳ್ಕೊಡ್ಬೇಕೇನೇ? ನೀನು ಅಂಬೆಗಾಲು ಬಿಟ್ಟು ಎದ್ದು ನಿಂತಾಗ ನಡೆಯೋದು ಕಲಿಸಿದ್ದೂ ಹಿಂಗೇ. ಬಾ ಬಾ ಅಂತ ಹಿಂದಕ್ಕೆ ಹೋಗ್ತಿದ್ದೆ. ನಿಂತ್ಕೊಂಡಿದ್ರೆ ನೀನೆಲ್ಲಿ ಬರ್ತಿದ್ದೆ."

"ಎಷ್ಟು ದೂರ ಹೋದೆ?"

"ಗೋಡೆ ಸಿಕ್ಕೋವರ್ಗೂ" ಎಂದಳು. ಅವಳ ಬೆನ್ನಿಗೆ ಕೈ ಹಾಕಿದೆ. ರವಿಕೆ ಹರಿದು, ಕಾಂಪೌಂಡ್ ಗೋಡೆಯ ಗಾರೆ ಪುಡಿ ಬೆವರಿಗೆ ಅಂಟಿತ್ತು. ನಾನು ಬಡಿಯಬೇಕಿದ್ದ ಗೋಡೆಗೆ ಅವಳು ಒರಗಿ ನಿಂತಿದ್ದಳು. "ಹಾಳಾದ್ದು ಅದೊಂದು ಅಡ್ಡ ಬಂತು. ಇಲ್ದಿದ್ರೆ ಇನ್ನೂ ಹೋಗ್ತಿದ್ದೆ."

೧೪ ಡಿಸೆಂಬರ್, ಸೋಮವಾರ

ಬಹುಮಾನ ಸ್ಟೀಲ್ ಟಿಫಿನ್ ಡಬ್ಬಿ. ಅಂಕಮ್ಮನಿಗೆ ಮೂರು ಅಂತಸ್ತಿನದು, ನನಗೆ ಎರಡು. ಮುಂದಿನ ವರ್ಷ ನೋಡಿಕೊಳ್ಳುತ್ತೇನೆ.

ಅಮ್ಮನ ಬೆನ್ನು ತರಚಿದೆ. ಅರಿಶಿನ ಹಚ್ಚಿದೆ, ಈ ಸಲ ಡಬ್ಬಿ ಮೂಸಿ ನೋಡಿ. ಬೆಳಿಗ್ಗೆ ಮಲಗೇ ಇದ್ದಳು, ಎಬ್ಬಿಸಲಿಲ್ಲ. ಕಾಫಿ ಮಾಡಿ ಫ್ಲಾಸ್ಕಿಗೆ ಹಾಕಿಟ್ಟು, ಕೋಲು ಹಿಡಿದು ಒಬ್ಬಳೇ ಬ್ಯಾಂಕಿಗೆ ಬಂದೆ. ದಾರಿಯುದ್ದಕ್ಕೂ ನಿನ್ನೆಯದೇ ಯೋಚನೆ, ಎಣಿಸುವುದೇ ಮರೆತು ಸ್ಟಾಪು ಬಂದದ್ದೇ ತಿಳಿಯಲಿಲ್ಲ.

ಕೋಲಿನ ತುದಿಯ ರಬ್ಬರ್ ಪೂರ್ತಿ ಸವೆದಿದೆ. ಸಂಜೆ ನಾಲ್ಕನೇ ಬ್ಲಾಕಿನಲ್ಲಿ ಹೊಸದು ತರಬೇಕು.